ಸೂಜಿಯಿಲ್ಲದ ನಲವತ್ತು ಹೆಂಗಸರು

ನಮ್ಮ ಓಣಿಯಲ್ಲಿ ನನಗೊಂದು ಹೆಸರಿದೆ, ಮುಖದೆದುರು ಯಾರೂ ಹೇಳುವುದಿಲ್ಲ: ಸಂಶಯದ ಫಿರ್ದೋಸ. ಹಾಲಿನವನು ಹೋದ ಮೇಲೆ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಮೀನಿನವಳ ತಕ್ಕಡಿಯ ಅಡಿಗೆ ಬಗ್ಗಿ ನೋಡುತ್ತೇನೆ. ಗಂಡ ಪರ್ವೇಜ ‘ಸಾರು ಭಾಳ ಚಲೋ ಆಗೇತಿ’ ಅಂದರೆ, ಇವನಿಗೆ ಈಗ ನನ್ನಿಂದ ಏನು ಬೇಕಾಗಿದೆ ಎಂದು ಯೋಚಿಸುತ್ತೇನೆ. ಅನ್ನುವವರು ಅನ್ನಲಿ ಬಿಡಿ. ಬಿಜಾಪುರ ಸೀಮೆ ಬಿಟ್ಟು ಬಂದು ಗೋವಾದ ಬಾಡಿಗೆ ಕೋಣೆಗಳಲ್ಲಿ ಬದುಕುವವರು ಎಲ್ಲರನ್ನೂ ನಂಬುತ್ತ ಕೂತರೆ ಉಟ್ಟ ಬಟ್ಟೆಯೂ ಉಳಿಯುವುದಿಲ್ಲ.

ನಾವಿರುವುದು ದಾಬೋಲಿಮ್ ವಿಮಾನ ನಿಲ್ದಾಣದ ಹಿಂದಿನ ಓಣಿಯಲ್ಲಿ, ಎರಡು ಕೋಣೆಯ ಮನೆ. ಪರ್ವೇಜ ವೆರ್ಣಾದ ಒಂದು ಕಂಪನಿಯ ಬಸ್ಸು ಓಡಿಸುತ್ತಾನೆ. ನಾನು ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಬ್ಲೌಸು ಹೊಲಿಯುತ್ತೇನೆ, ಸೀರೆಗೆ ಫಾಲು ಹಚ್ಚುತ್ತೇನೆ. ಅತ್ತೆ ರೋಷನಬಿಗೆ ಮಷೀನು ಆಗಿಬರುವುದಿಲ್ಲ. ಅವರದು ಕೈಸೂಜಿ, ಅವರದು ಕೌದಿ. ಕೌದಿ ಬಿಟ್ಟರೆ ಅವರ ಜೀವ ಇರುವುದು ಚೌಕಾಬಾರದಲ್ಲಿ. ಎರಡನ್ನೂ ಕೂಡಿಸಿ, ಹಳೆಯ ಸೀರೆ ಲುಂಗಿಗಳ ತುಂಡುಗಳಿಂದ ಆಟದ ಹಾಸನ್ನೇ ಹೊಲಿದುಬಿಡುತ್ತಾರೆ. ಅಡ್ಡ ಐದು ಮನೆ, ಉದ್ದ ಐದು ಮನೆ, ಕಾಯಿಯನ್ನು ಯಾರೂ ಹೊಡೆಯಲಾಗದ ಕಟ್ಟಿಮನೆಗಳಿಗೆ ಕೆಂಪು ದಾರದ ಗುರುತು. ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ ಆ ಹಾಸಿನ ಸುತ್ತ ಕೂಡುತ್ತಾರೆ. ನಾಲ್ಕು ಕವಡೆಯೂ ಬೋರಲಾಗಿ ಬಿದ್ದರೆ ಎಂಟು, ಅದಕ್ಕೇ ಬಾರ ಅನ್ನುವುದು, ಆಟದಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಬಾರ ಬಿದ್ದಾಗ ನಮ್ಮ ಅತ್ತೆ ಹಾಕುವ ಕೂಗಿಗೆ ತಲೆಯ ಮೇಲೆ ಹಾರುವ ವಿಮಾನವೂ ನಾಚಿಕೊಳ್ಳಬೇಕು.

ಕುಬೇರ ಎಂಬುವವನು ಬಂದದ್ದು ಪ್ಯಾಂಟು ಸಣ್ಣ ಮಾಡಿಸಿಕೊಳ್ಳಲು. ಧಾರವಾಡದ ವ್ಯಾಪಾರಸ್ಥರ ಮನೆಯವನಂತೆ, ಮಡಗಾಂವದಲ್ಲಿ ಅರಿವೆ ಅಂಗಡಿಯಂತೆ. ಎಲ್ಲವೂ ‘ಅಂತೆ’. ಕಟ್ಟೆಯ ಮೇಲಿನ ಹಾಸು ನೋಡಿದ್ದೇ ತಡ, ಪ್ಯಾಂಟು ಮರೆತು ಅತ್ತೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

“ಮೌಶಿ, ಇದನ್ನ ನಮ್ಮ ಅಜ್ಜಿ ತೊಡಿ ಮ್ಯಾಲ ಕುಂತು ಕಲ್ತೇನ್ರಿ ನಾ. ಅಕಿ ಹ್ವಾದ ಮ್ಯಾಲ ಇವತ್ತ ನೋಡಾಕತ್ತೇನಿ,” ಎಂದ. ಕಣ್ಣಲ್ಲಿ ನೀರೂ ತಂದುಕೊಂಡ.

ಅತ್ತೆಗೆ ಇಷ್ಟು ಸಾಕು. ಸೆರಗಿನಿಂದ ತಾವೂ ಕಣ್ಣೊರೆಸಿಕೊಂಡರು, ಚಹಾ ಕೊಟ್ಟರು, ಉಪ್ಪಿಟ್ಟು ಕೊಟ್ಟರು. ಅವನು ಎರಡು ಹಾಸು ಹೊಲಿದುಕೊಡಲು ಹೇಳಿದ. ಇವು ಮಾದರಿಗೆ ಮಾತ್ರ, ಮುಂದೆ ದೇಶ-ಪರದೇಶಕ್ಕೆಲ್ಲ ಕಳಿಸೋಣ, ಓಣಿಯ ಹೆಂಗಸರಿಗೆಲ್ಲ ಕೆಲಸ ಸಿಗುತ್ತದೆ ಎಂದ. ಅತ್ತೆ ಹೊಲಿಯುವುದನ್ನು ಫೋನಿನಲ್ಲಿ ಹಿಡಿದುಕೊಂಡ. ಅಡ್ಡಬಿದ್ದು ನಮಸ್ಕಾರವನ್ನೂ ಮಾಡಿದ. ಅಷ್ಟೊಂದು ನಯ ವಿನಯ ಕಂಡಾಗಲೇ ನನ್ನ ಕಿವಿ ನೆಟ್ಟಗಾದವು.

ಇಲ್ಲಿ ಒಂದು ಮಾತು ಹೇಳಬೇಕು. ಅತ್ತೆಯ ತವರಿನ ಕಡೆ ಕೌದಿಯ ಹೊಟ್ಟೆ ತುಂಬಿಸುವ ರೂಢಿ ಇದೆ. ಕೊನೆಯ ತೇಪೆ ಮುಚ್ಚುವ ಮೊದಲು ಅದರೊಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರು ಇಟ್ಟು ಹೊಲಿಯುತ್ತಾರೆ. ಹಸಿದ ಕೌದಿ ಹೊದ್ದವನನ್ನು ಬೆಚ್ಚಗಿಡುವುದಿಲ್ಲವಂತೆ. ಆ ಚೂರನ್ನು ಯಾರು ತಂದುಕೊಡುತ್ತಾರೋ ಅವರು ಆ ಮನೆಯವರೇ ಆದ ಹಾಗೆ, ಆಮೇಲೆ ಅವರ ಹತ್ತಿರ ಕಾಗದ ಪತ್ರ ಕೇಳುವುದು ಮರ್ಯಾದೆಯಲ್ಲ. ಇದನ್ನು ಅತ್ತೆಯೇ ಕುಬೇರನಿಗೆ ಹೇಳಿದ್ದರು. ಮರುವಾರ ಅವನು ‘ನಮ್ಮವ್ವ ಮಾಡ್ಯಾಳ್ರಿ’ ಅಂತ ಶೇಂಗಾ ಹೋಳಿಗೆ ಹಿಡಿದುಕೊಂಡು ಬಂದ. ಅತ್ತೆ ಅದನ್ನು ಮುರಿದು ಎರಡೂ ಹಾಸಿನ ಹೊಟ್ಟೆಗೆ ಇಟ್ಟು ಹೊಲಿದರು. ಉಳಿದದ್ದನ್ನು ನಾನು ತಿಂದೆ. ಅಷ್ಟು ದುಂಡಗಿನ, ಅಂಚು ಸಹ ಸುಕ್ಕಾಗದ ಹೋಳಿಗೆ ಯಾವ ಅವ್ವನ ಲಟ್ಟಣಿಗೆಯಿಂದಲೂ ಬರುವುದಿಲ್ಲ, ಅಂಗಡಿಯಿಂದ ಬರುತ್ತದೆ. ಹಾಗಂತ ಅತ್ತೆಗೆ ಹೇಳಿದೆ.

“ನಿನಗ ಹೋಳಿಗಿ ಮ್ಯಾಲೂ ಸಂಶೇನ?” ಎಂದು ಗದರಿದರು.

ಎರಡೂ ಹಾಸು ಒಯ್ದ ಮೇಲೆ ಕುಬೇರನ ಪತ್ತೆ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಶಾಹಿದ ಓಡೋಡಿ ಬಂದ. ಅವನು ಪರ್ವೇಜನ ಚಿಗಪ್ಪನ ಮಗ, ವೆರ್ಣಾದಲ್ಲಿ ಪ್ಯಾಕಿಂಗ್ ಕೆಲಸ. ರವಿವಾರ ಗೆಳೆಯರ ಜೊತೆ ಸೇರಿ ಮೇಜಿನ ಮೇಲೆ ಹಲಗೆ, ಚೀಟಿ, ಗೊಂಬೆ ಹರಡಿಕೊಂಡು ಏನೇನೋ ಆಟ ಆಡುವುದು ಅವನಿಗೆ ಹುಚ್ಚು.

“ಬಡೀಮಾ, ನೀವು ಫೇಮಸ್ ಆಗೀರಿ ನೋಡ್ರಿ!” ಎಂದು ಅತ್ತೆಯ ಮುಂದೆ ಫೋನು ಹಿಡಿದ.

ಫೋನಿನಲ್ಲಿ ಅತ್ತೆಯ ಕೈ. ಅತ್ತೆಯ ಸೂಜಿ. ಅತ್ತೆಯ ನಗು. ಕೆಳಗೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದಿತ್ತು. ಶಾಹಿದ ಬಿಡಿಸಿ ಹೇಳಿದ: ಇದು ಕ್ರೌಡ್‌ಫಂಡಿಂಗ್. ಆಟ ತಯಾರಾಗುವ ಮೊದಲೇ ಜನ ತಮಗಿಷ್ಟವಾದದ್ದಕ್ಕೆ ರೊಕ್ಕ ಹಾಕುತ್ತೇವೆ ಎಂದು ಮಾತು ಕೊಡುತ್ತಾರೆ. ಗಡುವು ಮುಗಿದ ದಿನ ಎಲ್ಲರ ಖಾತೆಯಿಂದ ಒಮ್ಮೆಲೇ ಕಡಿತವಾಗಿ ಆಟ ಮಾಡುವವನ ಕೈಗೆ ಹೋಗುತ್ತದೆ. ಅವನು ಆಟ ಮಾಡಿ ಎಲ್ಲರಿಗೂ ಕಳಿಸಬೇಕು.

“ಕಳಸ್ಲಿಲ್ಲ ಅಂದ್ರ?” ನಾನು ಕೇಳಿದೆ.

“ಮೇಲ್ ಮಾಡ್ಕೋತ ಕುಂದರಬೇಕ್ರಿ ಭಾಭಿ. ಆದ್ರ ಇದು ಹಂಗಲ್ಲ. ಬಡೀಮಾ ಅದಾರಲ್ಲ ಇದರಾಗ.”

“ಮುಂದೇನ ಬರದಾನ, ಓದು.”

“‘ರೋಷನಬಿಯವರ ಕೈಕೆಳಗೆ ನಲವತ್ತು ಮಹಿಳೆಯರು ಹೊಲಿಯುತ್ತಿದ್ದಾರೆ. ಅರ್ಧಕ್ಕಿಂತ ಹೆಚ್ಚು ಮಾಲು ಸಿದ್ಧವಿದೆ. ವೆರ್ಣಾದಲ್ಲಿ ನಮ್ಮ ಸ್ವಂತ ಕಾರ್ಖಾನೆ ಇದೆ.’”

“ಯಾವ ನಲವತ್ತು? ನಮ್ಮ ಮನ್ಯಾಗ ನಾಕ ಮಂದಿ ಕುಂತ್ರ ಐದನೇದವ್ರು ಬಾಗಿಲದಾಗ ನಿಂದರಬೇಕು!”

ಶಾಹಿದ ಇನ್ನೊಂದು ಫೋಟೋ ತೋರಿಸಿದ. ದೊಡ್ಡ ಹಾಲು, ಸಾಲಾಗಿ ಕೂತ ಹೆಂಗಸರು, ಎಲ್ಲರಿಗೂ ಒಂದೇ ಹಸಿರು ಸೀರೆ, ಎಲ್ಲರದೂ ಒಂದೇ ನಗು. ನಾನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ದಾರ ಗಾಳಿಯಲ್ಲಿ ತೇಲುತ್ತಿತ್ತು. ಒಬ್ಬಳ ಕೈಯಲ್ಲೂ ಸೂಜಿ ಇಲ್ಲ! ನಲವತ್ತು ಹೆಂಗಸರು ಉಗುರಿನಿಂದ ಹೊಲಿಯುತ್ತಿದ್ದಾರೆಯೇ? ಮೂಲೆಯಲ್ಲಿ ಒಬ್ಬಳ ಬಳೆ ಅವಳ ಮಣಿಕಟ್ಟಿನೊಳಗೇ ಇಳಿದುಹೋಗಿತ್ತು.

“ಕಂಪ್ಯೂಟರಿನ್ಯಾಗ ಮಾಡಿದ್ದ ಇರಬೇಕ್ರಿ,” ಎಂದ ಶಾಹಿದ, ದನಿ ಸ್ವಲ್ಪ ಇಳಿದಿತ್ತು. “ಈಗ ಖರೇ ಮಂದೀನೂ ಹಂಗ ಮಾಡ್ತಾರ ಬಿಡ್ರಿ.”

“ನೀನೂ ರೊಕ್ಕ ಹಾಕಿಯೇನು?”

“ಬಡೀಮಾನ ಹೆಸರ ನೋಡೇ ಹಾಕಿನ್ರಿ. ನಮ್ಮ ಲೈನಿನ ಹುಡುಗ್ರೂ ಹಾಕ್ಯಾರ.”

ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಮತ್ತೆ ಹುಡುಕಿಸಿದೆ. ಕುಬೇರನ ಮುಖ ಎಲ್ಲೂ ಇಲ್ಲ, ಅವನ ಹೆಸರೂ ಇಲ್ಲ, ಯಾವುದೋ ಕಂಪನಿಯ ಹೆಸರಿದೆ. ಮುಖ ಇರುವುದು ಅತ್ತೆಯದು. ಹೆಸರು ಇರುವುದು ಅತ್ತೆಯದು. ನಾಳೆ ಆಟ ಬರದಿದ್ದರೆ ಜನ ಕಳ್ಳಿ ಎಂದು ಬೆರಳು ಮಾಡುವುದು ಈ ಮುದುಕಿಯ ಕಡೆಗೆ.

ಅತ್ತೆಗೆ ಇದಾವುದೂ ಕೇಳಿಸುತ್ತಿರಲಿಲ್ಲ. “ನನ್ನ ಹೆಸರ ಎಲ್ಲಿ ಬರದೈತಿ, ತೋರ್ಸಪಾ,” ಎಂದು ಶಾಹಿದನಿಗೆ ದುಂಬಾಲು ಬಿದ್ದಿದ್ದರು. ಅವರಿಗೆ ಓದಲು ಬಾರದು. ಅವನು ತೋರಿಸಿದ ಜಾಗದ ಮೇಲೆ ಬೆರಳಿಟ್ಟರೆ ಪುಟ ಸರಕ್ಕನೆ ಮೇಲೆ ಹೋಯಿತು. ಹೆದರಿ ಕೈ ತೆಗೆದರು, ಮತ್ತೆ ತೋರಿಸು ಅಂದರು. ಹಾಗೆ ಹಿಗ್ಗಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಜೀವಮಾನವಿಡೀ ಹೊಲಿದ ಕೌದಿಗಳನ್ನು ಯಾರ‍್ಯಾರೋ ಹೊದ್ದು ಹರಿದರು, ಯಾರು ಹೊಲಿದರೆಂದು ಒಬ್ಬರೂ ಕೇಳಿರಲಿಲ್ಲ. ಆ ಸಂಜೆಯೇ ಪಕ್ಕದ ಮನೆಯ ನೂರಜಹಾನಳಿಗೆ, ಎದುರು ಮನೆಯ ಶಮಶಾದಳಿಗೆ ಹೇಳಿ ಬಂದರು: ಎಲ್ಲರೂ ಸೂಜಿ ದಾರ ತೆಗೆದಿಡಿ, ಕೆಲಸ ಬರುತ್ತದೆ.

ಮರುದಿನ ಕುಬೇರನಿಗೆ ಫೋನು ಹಚ್ಚಿದೆ.

“ಅಕ್ಕಾರ, ನಿಮಗ ಈ ಲೈನ್ ತಿಳಿಯೂದಿಲ್ರಿ,” ಎಂದು ನಕ್ಕ. “ಸ್ವಲ್ಪ ಮಸಾಲಿ ಹಾಕ್ಬೇಕಾಗ್ತೈತಿ.”

“ಕಾರ್ಖಾನಿ ಎಲ್ಲೈತ್ರಿ?”

“ವೆರ್ಣಾದಾಗ್ರಿ.”

“ವೆರ್ಣಾದಾಗ ಎಲ್ಲಿ?”

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್. ಅದೇ ಪ್ರಶ್ನೆಯನ್ನು ಶಾಹಿದನಿಂದ ಆ ಪುಟದ ಕೆಳಗೆ ಬರೆಸಿದೆ. ಕೆಲಸ ಎಲ್ಲಿ ನಡೆದಿದೆ, ಯಾರಾದರೂ ಆಡಿ ನೋಡಿದ ವೀಡಿಯೊ ಇದ್ದರೆ ಹಾಕಿ, ಅಷ್ಟೇ. ಸಂಜೆಯೊಳಗೆ ಪ್ರಶ್ನೆ ಮಾಯ. ಇನ್ನೊಮ್ಮೆ ಬರೆದ. ಅದೂ ಮಾಯ, ಮೂರನೆಯ ಸಲ ಬರೆಯಲು ಹೋದರೆ ಶಾಹಿದನಿಗೆ ಬಾಗಿಲೇ ಮುಚ್ಚಿತ್ತು. ಉತ್ತರ ಕೊಡದವನು ಸೋಮಾರಿ ಇದ್ದಾನು ಅನ್ನಬಹುದು. ಪ್ರಶ್ನೆಯನ್ನೇ ಒರೆಸಿ ಹಾಕುವವನಿಗೆ ಏನನ್ನಬೇಕು?

ಆದರೂ ಒಳಗೊಳಗೆ ಪುಕುಪುಕು. ನನ್ನ ಸಂಶಯ ಹೋಳಿಗೆಯನ್ನೂ ಬಿಟ್ಟಿಲ್ಲ. ಇವನು ಬರೀ ಬಾಯಿಬಡುಕನಾಗಿದ್ದು, ಕೆಲಸ ಮಾತ್ರ ಖರೆಯದೇ ಆಗಿದ್ದರೆ? ಅತ್ತೆಯ ಬಾಳಿನ ಒಂದೇ ಒಂದು ಮೆರವಣಿಗೆಗೆ ನಾನೇ ಕಲ್ಲೆಸೆದ ಹಾಗಾದರೆ? ಪರ್ವೇಜ ಅದನ್ನೇ ಅಂದ: “ಅವ್ವಗ ಖುಷಿ ಆಗೇತಿ. ನಿನ್ನ ಸಿಐಡಿ ಕೆಲಸ ಸ್ವಲ್ಪ ಬಂದ್ ಮಾಡು.”

“ಬಂದ್ ಮಾಡ್ತೀನಿ. ಮೊದ್ಲ ನನ್ನ ವೆರ್ಣಾಕ್ಕ ಬಿಡ್ರಿ,” ಅಂದೆ.

ಪುಟದ ಕಟ್ಟಕಡೆಗೆ ಇರುವೆಯಂಥ ಅಕ್ಷರದಲ್ಲಿ ಒಂದು ಪ್ಲಾಟ್ ನಂಬರು ಇತ್ತು. ಗೊಣಗುತ್ತಲೇ ಪರ್ವೇಜ ತನ್ನ ಬಸ್ಸಿನಲ್ಲಿ ಮುಂದಿನ ಸೀಟಿಗೆ ನನ್ನನ್ನು ಕೂರಿಸಿಕೊಂಡು ಹೋದ. ಪಾಳಿಯವರನ್ನು ಇಳಿಸಿದ ಮೇಲೆ ಆ ಪ್ಲಾಟಿನ ಗೇಟಿನ ಮುಂದೆ ನಿಲ್ಲಿಸಿದ. ದೊಡ್ಡ ಕಾರ್ಖಾನೆಯೇ ಇತ್ತು. ತಪ್ಪು ನನ್ನದೇ ಆಯಿತಲ್ಲ ಎಂದು ಒಂದು ಗಳಿಗೆ ಅನಿಸಿತು. ಗೇಟಿನ ಕಾವಲುಗಾರ ಕುರ್ಚಿಯಿಂದೆದ್ದು ಬಂದ. ಮಾತಾಡಿದೊಡನೆ ನಮ್ಮ ಕಡೆಯವನೆಂದು ಗೊತ್ತಾಯಿತು, ಬಾಗಲಕೋಟೆಯ ಲಚ್ಚಪ್ಪ.

“ಇಲ್ಲಿ ಆಟದ ಸಾಮಾನ ಮಾಡ್ತಾರೇನ್ರಿ?” ಎಂದು ಕೇಳಿದೆ.

ಲಚ್ಚಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೀವೂ ಬಂದ್ರೆ? ಇಲ್ಲಿ ಔಷಧಿ ಬಾಟ್ಲಿ ಮುಚ್ಚಳ ಮಾಡ್ತಾರ ನಮ್ಮವ್ವ. ಹ್ವಾದ ವಾರ ಪಣಜಿಯಿಂದ ಒಬ್ಬ ಮುದುಕರು ಬಂದಿದ್ರು, ಮೊಮ್ಮಗಗ ಆಟ ತಗೊಂಡೇನಿ, ಕಾರ್ಖಾನಿ ನೋಡಬೇಕು ಅಂತ. ‘ರೋಷನಬಿಯವರನ್ನ ಕರೀರಿ’ ಅಂತ ಕುಂತ್ರು. ಯಾರ್ರಿ ಅಕಿ ರೋಷನಬಿ? ಭಾಳ ಮೋಸಗಾತಿ ಇರಬೇಕು.”

ಗೇಟಿನದೊಂದು ಫೋಟೋ ಹಿಡಿದುಕೊಂಡು ಬಸ್ಸು ಹತ್ತಿದೆ. ವಾಪಸ್ ಬರುವಾಗ ಪರ್ವೇಜ ಒಂದೇ ಮಾತಾಡಿದ: “ಅವ್ವಗ ಇದನ್ನ ಹೆಂಗ ಹೇಳೂದು?”

ಹೇಳಿದವಳು ನಾನೇ. ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಹೇಳಿದೆ, ಅದೇ ತಪ್ಪಾಯಿತೋ ಏನೋ. ಅತ್ತೆ ಅರ್ಧ ಹೊಲಿದ ತುಂಡನ್ನು ಪಕ್ಕಕ್ಕಿಟ್ಟರು.

“ಕಾರ್ಖಾನಿ ಇನ್ನೂ ತಗೊಂಡಿರ್ಲಿಕ್ಕಿಲ್ಲ. ಮುಂದ ತಗೋತಾನ. ಹುಡುಗ ಹಾಸಿನ ಹೊಟ್ಟಿಗೆ ಹೋಳಿಗಿ ತಂದು ಕೊಟ್ಟಾನ. ಅಂಥಾವ ಸುಳ್ಳ ಹೇಳ್ತಾನೇನು?”

“ಹೋಳಿಗಿ ಅಂಗಡೀದು ಅತ್ತಿ!”

“ಏ, ಸಾಕ್ ಮಾಡು!” ಅತ್ತೆ ಗದರಿದರು. “ನನ್ನ ಹೆಸರ ನಾಕ ಮಂದಿ ಬಾಯಾಗ ಬಂದದ್ದು ನಿನಗ ಸೈರಸವಲ್ದು. ಅದನ್ನ ಹೇಳು.”

ಸಿಟ್ಟು ನೆತ್ತಿಗೇರಿತು. ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ನಾನು ಮಷೀನು ತುಳಿಯುತ್ತೇನೆ. ಅವತ್ತು ಯಾರದೋ ಬ್ಲೌಸಿನ ತೋಳನ್ನು ಉಲ್ಟಾ ಹೊಲಿದು ಮತ್ತೆ ಬಿಚ್ಚಿದೆ.

ಶಾಹಿದನೂ ನಾನೂ ಸೇರಿ ಆ ಜಾಲತಾಣದವರಿಗೇ ದೂರು ಕಳಿಸಿದೆವು. ಗೇಟಿನ ಫೋಟೋ, ಸೂಜಿಯಿಲ್ಲದ ಹೆಂಗಸರ ಫೋಟೋ, ಒರೆಸಿದ ಪ್ರಶ್ನೆಗಳು, ಎಲ್ಲ. ಉತ್ತರ ಬಂತು: ಪರಿಶೀಲಿಸುತ್ತೇವೆ, ವೀಡಿಯೊದಲ್ಲಿರುವ ಮಹಿಳೆ ತಾವೇ ಹೇಳಿದರೆ ಬೇಗ ತೀರ್ಮಾನ ಮಾಡಬಹುದು. ಗಡುವು ಮುಗಿಯುವುದು ರವಿವಾರ. ಹೇಳಬೇಕಾದವರು ನನ್ನ ಜೊತೆ ಮಾತು ಬಿಟ್ಟು ಕೂತಿದ್ದರು.

ಶುಕ್ರವಾರ ಮಧ್ಯಾಹ್ನ ಕುಬೇರನೇ ಪ್ರತ್ಯಕ್ಷನಾದ. ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೊಂದು ದೀಪ. ಕಟ್ಟೆಯ ಮೇಲೆ ನೂರಜಹಾನ, ಶಮಶಾದ ಎಲ್ಲರೂ ಇದ್ದರು. ಎಲ್ಲರಿಗೂ ನಮಸ್ಕಾರ, ಎಲ್ಲರಿಗೂ ನಗು. ನಾನು ಒಳಗಿನಿಂದ ಬಂದದ್ದನ್ನು ಕಂಡು ಅವನ ನಗು ಅರ್ಧಕ್ಕೆ ನಿಂತಿತು, ಮತ್ತೆ ಮುಂದುವರಿಯಿತು.

“ಮೌಶಿ, ಮಂದಿ ಸುಮ್ಮ ಸುಮ್ಮನ ಸಂಶೇ ಪಡಾಕತ್ತಾರ್ರಿ. ವೀಡಿಯೊದಾಗ ನೀವು ಒಂದ ಮಾತ ಹೇಳಿಬಿಡ್ರಿ. ‘ಮಾಲೆಲ್ಲಾ ತಯಾರೈತಿ, ನಾನ ನಿಂತು ಕಳಸ್ತೇನಿ.’ ಅಷ್ಟ.”

“ಎಲ್ಲೈತಿ ಮಾಲು?” ನಾನು ಕೂಗಿದೆ. “ಅತ್ತಿ, ಹೇಳಬ್ಯಾಡ್ರಿ! ಇಷ್ಟ ದಿನಾ ಅವನ ಸುಳ್ಳು. ಇವತ್ತ ನೀವ ಬಾಯಿಬಿಟ್ಟು ಹೇಳಿದ್ರ ನಿಮ್ಮ ಸುಳ್ಳ ಆಗ್ತೈತಿ!”

ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ನನ್ನತ್ತ ತಿರುಗಲೂ ಇಲ್ಲ. ಹಾಸನ್ನು ಕೊಡವಿ ಹರಡಿದರು, ಕವಡೆ ತೆಗೆದರು.

“ಹೇಳ್ತೇನಪಾ. ಅದಕ್ಕೂ ಮೊದ್ಲ ಒಂದ ಆಟ ಆಡೂಣು ಬಾ. ಈ ನಮ್ಮ ಸೊಸಿಗೆ ಎಲ್ಲಾರೂ ಕಳ್ಳರ ಕಾಣ್ತಾರ. ನಿಮ್ಮಜ್ಜಿ ಕಲಿಸಿದ ಕೈ ಹೆಂಗೈತಿ ಇಕಿಗೆ ತೋರ್ಸು.”

“ಟೈಮ್ ಇಲ್ರಿ ಮೌಶಿ, ಬೆಳಕ ಹೋಗ್ತೈತಿ.”

“ಬಿಸಲು ಇನ್ನೂ ನೆತ್ತಿ ಮ್ಯಾಲೈತಿ. ಕುಂದ್ರು.”

ಕೂತ. ಕೂರದೆ ಬೇರೆ ದಾರಿ ಇರಲಿಲ್ಲ. ಅತ್ತೆ ಹಾಕಿದರು, ಎರಡು. ಕಾಯಿ ನಡೆಸಿದರು. ಅವನು ಹಾಕಿದ, ಮೂರು. ಯಾವ ಕಡೆ ನಡೆಸಬೇಕೆಂದು ಅತ್ತೆಯ ಕಾಯಿಯನ್ನೊಮ್ಮೆ ಕದ್ದು ನೋಡಿ ನಡೆಸಿದ. ಅದನ್ನು ನಾನು ಕಂಡೆ. ಅತ್ತೆ ಕಂಡರೋ ಇಲ್ಲವೋ ತಿಳಿಯದು. ಮತ್ತೆ ಅವನ ಸರದಿ ಬಂತು. ಕವಡೆ ಹಾಸಿನ ಮೇಲೆ ಉರುಳಿದವು. ನಾಲ್ಕಕ್ಕೆ ನಾಲ್ಕೂ ಬೋರಲು.

ನೂರಜಹಾನ ಕೂಗಲೆಂದು ಬಾಯಿ ತೆರೆದೇಬಿಟ್ಟಿದ್ದಳು.

“ಛೇ!” ಎಂದ ಕುಬೇರ. “ಒಂದೂ ಬೀಳಲಿಲ್ಲ.” ಕವಡೆ ಬಾಚಿ ಅತ್ತೆಯ ಕಡೆ ತಳ್ಳಿದ.

ಶಮಶಾದ ತಮಾಷೆ ಮಾಡುತ್ತಿದ್ದಾನೆಂದು ಕಿಸಕ್ಕನೆ ನಕ್ಕಳು. ನಕ್ಕವಳು ಅವನ ಮುಖ ನೋಡಿ ಸುಮ್ಮನಾದಳು. ನಮ್ಮ ಓಣಿಯಲ್ಲಿ ಹಲ್ಲು ಬರದ ಕೂಸಿಗೂ ಬಾರ ಅಂದರೆ ಗೊತ್ತು.

ಅತ್ತೆ ಕವಡೆಯನ್ನು ಮುಟ್ಟಲಿಲ್ಲ. “ಬಾರ ಬಿದ್ದೈತಪಾ. ಮತ್ತ ನಿಂದ ಆಟ,” ಎಂದರು ಮೆಲ್ಲಗೆ.

“ಹಾಂ ಹಾಂ, ಹೌದಲ್ಲ! ಮರ್ತಿದ್ದೆ ನೋಡ್ರಿ.”

“ಬಾರ ಮರೀತಾರೇನೋ?”

ನಾನು ಗೆದ್ದಿದ್ದೆ. ಕುಣಿಯಬೇಕಿತ್ತು. ಆದರೆ ಅತ್ತೆ ಹಾಸಿನ ಒಂದು ತುದಿಯನ್ನು ಮಡಚತೊಡಗಿದ್ದರು. ಯಾ ಅಲ್ಲಾ, ನನ್ನ ಸಂಶಯ ಸುಳ್ಳಾಗಲಿ, ಈ ಮನುಷ್ಯ ಈಗಲಾದರೂ ಏನಾದರೂ ಒಂದು ನಿಜ ಹೇಳಿಬಿಡಲಿ ಎಂದು ಬೇಡಿಕೊಂಡೆ. ಖರೇ ಹೇಳುತ್ತೇನೆ, ಬೇಡಿಕೊಂಡೆ.

“ನಿನ್ನ ಅಜ್ಜಿ ನಿನಗ ಇದನ್ನ ಕಲಿಸಿಲ್ಲ,” ಅಂದರು ಅತ್ತೆ.

“ಮೌಶಿ, ಸಣ್ಣಾವಿದ್ದೆ, ನೆನಪ ಹಾರಿರಬೇಕು…”

“ಇರಲಾರದ ಅಜ್ಜೀನ ಕರಕೊಂಡು ಬಂದು ನನ್ನ ಮುಂದ ಕುಂದ್ರಿಸಿದಿ. ಅಕಿ ಸಲುವಾಗಿ ನಾ ಅತ್ತೇನೋ, ಭಾಡ್ಯಾ.”

ಕುಬೇರ ಎದ್ದ. ಮೌಶಿ, ನಮಸ್ಕಾರ, ನಗು ಎಲ್ಲವೂ ಒಮ್ಮೆಲೇ ಕಳಚಿ ಬಿದ್ದವು. “ಗದ್ಲ ಮಾಡಬ್ಯಾಡ್ರಿ. ಆ ಪುಟದಾಗ ನನ್ನ ಹೆಸರಿಲ್ಲ, ನಿಮ್ಮದೈತಿ. ಒದರಿದ್ರ ಸಿಗೂದು ನೀವ.”

ನನ್ನ ಕೈಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿ ಇತ್ತು. ಅದನ್ನು ಕೆಳಗಿಟ್ಟು ಮಾತಾಡಬೇಕೆಂಬುದು ಹೊಳೆಯಲಿಲ್ಲ. “ಇಳೀತಿಯೋ ಇಲ್ಲೋ ನಮ್ಮ ಕಟ್ಟಿ ಮ್ಯಾಲಿಂದ!” ಎಂದು ಕೂಗಿದ್ದಷ್ಟೇ ನೆನಪು. ಅವನು ದೀಪದ ಸ್ಟ್ಯಾಂಡನ್ನು ಬಗಲಲ್ಲಿ ಅವುಚಿಕೊಂಡು ಓಣಿಯ ತುದಿಯವರೆಗೆ ಓಡಿದ. ನೂರಜಹಾನಳ ಬಾಯಿಂದ ಬಂದ ಬೈಗುಳಗಳನ್ನು ಇಲ್ಲಿ ಬರೆಯಲಾಗುವುದಿಲ್ಲ.

ಗಲಾಟೆ ಅಡಗಿದ ಮೇಲೆ ನೋಡಿದರೆ ಅತ್ತೆ ಅಲ್ಲೇ ಕೂತಿದ್ದರು. ಅವನು ಅಂದ ಕೊನೆಯ ಮಾತು ಸುಳ್ಳಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸುಮ್ಮನಿದ್ದರೆ ರವಿವಾರ ಜನರ ರೊಕ್ಕ ಹೋಗುತ್ತದೆ. ಮಾತಾಡಿದರೆ ಆ ಮೋಸದ ಜೊತೆ ಇವರ ಹೆಸರು ಎಲ್ಲರ ಬಾಯಿಗೆ ಬೀಳುತ್ತದೆ. ನಾನು ಪಕ್ಕದಲ್ಲಿ ಕೂತೆ. ಅತ್ತೆ ಸೆರಗು ತಲೆಯ ಮೇಲೆ ಸರಿಮಾಡಿಕೊಂಡರು.

“ಫಿರ್ದೋಸ, ಫೋನ್ ಹಚ್ಚು. ನನ್ನ ಮುಖ ಪೂರಾ ಕಾಣಂಗ ಹಿಡಿ.”

ಶುರು ಮಾಡುವಷ್ಟರಲ್ಲಿ ವಿಮಾನ ಬಂತು. ಅದು ಹೋಗುವವರೆಗೆ ಕಾದರು. ಆಮೇಲೆ ಹೇಳಿದರು:

“ನಾ ರೋಷನಬಿ. ದಾಬೋಲಿಮದಾಗ ಇರ್ತೇನಿ. ಎರಡ ಹಾಸು ಹೊಲದು ಕೊಟ್ಟೇನಿ, ಮೂರನೇದಿಲ್ಲ. ನಲವತ್ತ ಮಂದಿ ಇಲ್ಲ, ಕಾರ್ಖಾನಿ ಇಲ್ಲ. ನನ್ನ ಮುಖ ನೋಡಿ ಯಾರ್ಯಾರ ಒಪ್ಪಿಗಿ ಕೊಟ್ಟೀರಿ, ಹಿಂದಕ್ಕ ತಗೋರಿ. ಅವನ್ನ ನಂಬಿದ್ದು ನಾ. ನೀವು ನಂಬಬ್ಯಾಡ್ರಿ.”

ಒಂದೇ ಸಲಕ್ಕೆ ಹೇಳಿದರು. ತಿದ್ದುವುದೇನೂ ಇರಲಿಲ್ಲ. ಶಾಹಿದ ಅದನ್ನು ದೂರಿನ ಜೊತೆ ಕಳಿಸಿದ, ಇಂಥ ಆಟಗಳ ಹುಚ್ಚಿರುವವರ ಗುಂಪುಗಳಲ್ಲೂ ಇಂಗ್ಲಿಷಿನಲ್ಲಿ ಬರೆದು ಹಾಕಿದ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಪುಟ ಮುಚ್ಚಿತು. ಯಾರ ರೊಕ್ಕವೂ ಕಡಿತವಾಗಲಿಲ್ಲ. ಅತ್ತೆ ತಾವೇ ಓಣಿಯ ಮನೆ ಮನೆಗೆ ಹೋಗಿ, ಕೆಲಸ ಬರುವುದಿಲ್ಲ ಎಂದು ಹೇಳಿ ಬಂದರು. ಪರ್ವೇಜ ಜೊತೆಗೆ ಬರುತ್ತೇನೆ ಅಂದದ್ದಕ್ಕೂ ಬೇಡ ಅಂದರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ರವಿವಾರ ಅತ್ತೆ ಕೇಳಿದರು, “ನನ್ನ ಮಾತಿಗೆ ಮಂದಿ ಏನ ಬರದಾರ?”

ನಾನು ಆಗಲೇ ಓದಿದ್ದೆ. ಒಳ್ಳೆಯದನ್ನೂ ಬರೆದಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಉಳಿದವು! ‘ಈ ಮುದುಕಿಯೂ ಅವನ ಜೊತೆಗಾತಿಯೇ.’ ‘ಪಾಲು ಸಿಗಲಿಲ್ಲವೆಂದು ಈಗ ಸತ್ಯವಂತೆಯಾಗಿದ್ದಾಳೆ.’ ‘ಇಂಥವರು ಗೋವಾ ತುಂಬಾ ಇದ್ದಾರೆ.’ ಬರೆದವರಿಗೆ ಹೆಸರೂ ಇಲ್ಲ, ಮುಖದ ಜಾಗದಲ್ಲಿ ಹೂವೋ ಕಾರೋ ಇದೆ. ಸುಳ್ಳು ಹೇಳಿಬಿಡೋಣ ಅನಿಸಿತು. ಆದರೆ ಆ ಮನೆಯಲ್ಲಿ ಸುಳ್ಳು ಆಗಲೇ ಸಾಕಷ್ಟು ಆಗಿತ್ತು. ಒಂದೊಂದಾಗಿ ಎಲ್ಲವನ್ನೂ ಓದಿ ಹೇಳಿದೆ. ಅತ್ತೆ ನಿಲ್ಲಿಸು ಅನ್ನಲಿಲ್ಲ.

“ಬರಿ,” ಅಂದರು ಆಮೇಲೆ. “ನಮ್ಮ ಮನಿ ಎಲ್ಲೈತಿ, ಯಾವ ಓಣಿ, ಯಾವ ಅಂಗಡಿ ಬಾಜೂಕ, ಪೂರಾ ಬರಿ. ಬಂದು ನೋಡ್ರಿ ಅಂತ ಬರಿ.”

“ಅತ್ತಿ, ಯಾರ್ಯಾರೋ ಬರ್ತಾರ್ರಿ! ಎಂಥೆಂಥಾ ಮಂದಿ ಇರ್ತಾರ ನಿಮಗ ಗೊತ್ತಿಲ್ಲ.”

“ಬರ್ಲಿ. ನನ್ನ ಎದುರ ಕುಂತು, ನನ್ನ ಮುಖ ನೋಡಿ ಕಳ್ಳಿ ಅನ್ಲಿ. ಆಗ ನಾ ಕೇಳ್ತೇನಿ.”

ಹಾಲಿಗೆ ಬೆರಳದ್ದಿ ನೋಡುವ ನಾನು ನನ್ನ ಕೈಯಿಂದಲೇ ನಮ್ಮ ಮನೆಯ ವಿಳಾಸ ಬರೆದೆ.

ಯಾರೂ ಬರಲಿಲ್ಲ. ಅತ್ತೆ ಮಾತ್ರ ದಿನಾ ಒಗೆದ ಸೀರೆ ಉಟ್ಟು ಕಟ್ಟೆಯ ಮೇಲೆ ಕೂರತೊಡಗಿದರು. ಓಣಿಯಲ್ಲಿ ಗಾಡಿ ನಿಂತ ಸದ್ದಾದರೆ ಏಳುತ್ತಾರೆ. ನಿಂತದ್ದು ಬೇರೆಯವರ ಮನೆಗೆಂದು ತಿಳಿದ ಮೇಲೆ ಕೂರುತ್ತಾರೆ. ಅದನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತದೆ, ಆ ಹೂವಿನ ಮುಖದವರನ್ನು ಹಿಡಿದು ತಂದು ಕೂರಿಸಬೇಕು ಅನಿಸುತ್ತದೆ.

ಮೊನ್ನೆ ಒಬ್ಬ ಪಾರ್ಸಲ್ಲಿನವನು ಬೈಕು ನಿಲ್ಲಿಸಿದ. ನನ್ನ ವಯಸ್ಸಿನ ಗಂಡಸು, ಮಾತು ಗದಗಿನ ಕಡೆಯದು. ಶಮಶಾದಳ ಮನೆ ಯಾವುದೆಂದು ಕೇಳಿದ. ಅತ್ತೆ ಎದ್ದು ನಿಂತಿದ್ದರು. “ನೋಡಾಕ ಬಂದೀಯೇನಪಾ? ಬಾ, ಒಳಗ ಬಾ,” ಅಂದರು. ಅವನು ಗೊಂದಲದಿಂದ ನನ್ನ ಕಡೆ ನೋಡಿದ. ಗುರುತಿಲ್ಲದ ಗಂಡಸನ್ನು ನಾನು ಇವತ್ತಿನವರೆಗೆ ಹೊಸ್ತಿಲು ದಾಟಿಸಿದವಳಲ್ಲ.

“ಬರ್ರಿ,” ಅಂದೆ. “ಒಂದ ಗಳಿಗಿ ನೋಡಿ ಹೋಗ್ರಿ.”

ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಬಂದ. ಅತ್ತೆ ಎರಡೂ ಕೋಣೆ ತೋರಿಸಿದರು. ಮಂಚದ ಅಡಿ ಬಗ್ಗಿಸಿ ತೋರಿಸಿದರು, ಟ್ರಂಕಿನ ಮುಚ್ಚಳ ತೆಗೆದು ತೋರಿಸಿದರು. ಅವನಿಗೆ ಏನೂ ತಿಳಿಯಲಿಲ್ಲ, ಆದರೂ ದೊಡ್ಡವರ ಮಾತು ಎಂದು ತಲೆಯಾಡಿಸುತ್ತ ನೋಡಿದ.

“ಎಷ್ಟ ಮಂದಿ ಹೊಲೀತೇವಿ ಇಲ್ಲಿ, ಹೇಳು ನೋಡೂಣು,” ಎಂದು ಅತ್ತೆ ಕೇಳಿದರು.

ಅವನು ನನ್ನ ಮಷೀನು ನೋಡಿದ, ಅತ್ತೆಯ ಸೂಜಿ ನೋಡಿದ. “ಇಬ್ರ ಅದೀರಲ್ರಿ?”

“ಹಾಂ. ಹೊರಗ ಯಾರರ ಕೇಳಿದ್ರ ಹಂಗ ಹೇಳಪಾ,” ಎಂದು ಅತ್ತೆ ಅವನ ಕೈ ಹಿಡಿದುಕೊಂಡರು. “ಕಣ್ಣಾರೆ ನೋಡೇನಿ ಅಂತ ಹೇಳು.”

ಹೇಳುತ್ತೇನೆ ಎಂದು ಅವನು ಒಪ್ಪಿಕೊಂಡ. ನಾನು ಅವನಿಗೆ ನೀರು ಕೊಟ್ಟೆ.